ಕೊಟ್ಟದ್ದು ಉಳಿಯಿತು: ಪ್ರೇಮಚಂದ ರಾಯಚಂದರ ಬದುಕಿನ ಪಾಠ

ಸೂರ್ಯಾಸ್ತದ ನಂತರ ಆಹಾರ ಸೇವಿಸಬಾರದೆಂಬ ನಿಯಮ ಜೈನ ಗೃಹಸ್ಥರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕತ್ತಲಲ್ಲಿ ಕಣ್ಣಿಗೆ ಬೀಳದ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗದಿರಲಿ ಎಂಬ ಕಾರುಣ್ಯವೇ ಇದರ ಮೂಲ. ಮುಂಬೈ ವಿಶ್ವವಿದ್ಯಾಲಯದ ಕೋಟೆ ಪ್ರದೇಶದ ಆವರಣದಲ್ಲಿ ಸುಮಾರು 280 ಅಡಿ ಎತ್ತರಕ್ಕೆ ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರಕ್ಕೂ ಈ ನಿಯಮಕ್ಕೂ ನಂಟು ಹೇಳುವ ಕಥೆಯೊಂದು ಜನಜನಿತವಾಗಿದೆ. ದೃಷ್ಟಿಯಿಲ್ಲದ ವೃದ್ಧ ತಾಯಿ ಪರರ ನೆರವಿಲ್ಲದೆ ಹೊತ್ತನ್ನು ತಿಳಿದು, ಬೆಳಕಿರುವಾಗಲೇ ಊಟ ಮುಗಿಸಲು ಗಂಟೆಯ ನಾದ ನೆರವಾಗಲೆಂದು ಮಗನು ಗೋಪುರ ಕಟ್ಟಿಸಿದನೆಂಬುದು ಆ ಕಥೆ. ಅದರ ಪ್ರತಿಯೊಂದು ವಿವರವನ್ನೂ ಚರಿತ್ರೆಯೆಂದು ಸಾಧಿಸಬೇಕಾಗಿಲ್ಲ. ಮಗನು ತಾಯಿಯ ಹೆಸರಿನಲ್ಲಿ ದಾನ ಕೊಟ್ಟನೆಂಬುದು ಮಾತ್ರ ಆ ಗೋಪುರದ ಕಲ್ಲಿನಷ್ಟೇ ಗಟ್ಟಿಯಾದ ಸತ್ಯ. ಆ ಮಗನೇ ಪ್ರೇಮಚಂದ ರಾಯಚಂದ.

1831ರಲ್ಲಿ ಸೂರತ್ತಿನ ಜೈನ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ ಪ್ರೇಮಚಂದರು ಬಾಲ್ಯದಲ್ಲಿಯೇ ತಂದೆಯೊಡನೆ ಮುಂಬೈಗೆ ಬಂದರು. ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, ಇಂಗ್ಲಿಷ್ ಬಲ್ಲ ಮೊದಲ ದೇಶೀಯ ದಲ್ಲಾಳಿಗಳಲ್ಲಿ ಒಬ್ಬರೆನಿಸಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಂತಾದಾಗ, ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಆಗ ಮುಂಬೈ ಪೇಟೆಯ ದಾರಿ ಹಿಡಿದಿತ್ತು. ನಗರಕ್ಕೆ ಹರಿದುಬಂದ ಹಣದಿಂದ ಹೊಸ ಬ್ಯಾಂಕುಗಳೂ ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳೂ ಹುಟ್ಟಿಕೊಂಡವು. ಆ ವ್ಯವಹಾರಗಳ ಕೇಂದ್ರದಲ್ಲಿ ಪ್ರೇಮಚಂದರಿದ್ದರು. ಮೂವತ್ತೈದು ತುಂಬುವ ಮೊದಲೇ ಅವರ ಮಾತಿಗೆ ಪೇಟೆ ಏಳುತ್ತಿತ್ತು, ಬೀಳುತ್ತಿತ್ತು.

ಅಂಥ ಸಿರಿಯ ದಿನಗಳಲ್ಲಿ ಅವರು ಕೊಟ್ಟ ದಾನಗಳು ಇಂದಿಗೂ ಎಣಿಕೆಗೆ ಸಿಗುತ್ತವೆ. 1864ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ಅದೇ ವರ್ಷ ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಕೊಟ್ಟ 2 ಲಕ್ಷ ರೂಪಾಯಿಯಿಂದ ಅವರ ಹೆಸರಿನ ವಿದ್ಯಾರ್ಥಿವೇತನವೊಂದು ನೆಲೆಗೊಂಡಿತು. ಆಶುತೋಷ ಮುಖರ್ಜಿ, ಇತಿಹಾಸಕಾರ ಜದುನಾಥ ಸರ್ಕಾರ್ ಮೊದಲಾದವರು ಅದನ್ನು ಪಡೆದವರು. ಅಹಮದಾಬಾದಿನಲ್ಲಿ ಶಿಕ್ಷಕರನ್ನು ತರಬೇತುಗೊಳಿಸುವ ಕಾಲೇಜು, ಸೂರತ್ತಿನಲ್ಲಿ ತಂದೆಯ ಹೆಸರಿನ ಹೆಣ್ಣುಮಕ್ಕಳ ಶಾಲೆ ಇವರ ನೆರವಿನ ಫಲಗಳು. ಹೆಣ್ಣುಮಕ್ಕಳ ಓದು ಇನ್ನೂ ಅಪರೂಪವಾಗಿದ್ದ ಕಾಲವದು.

ಜೈನಶಾಸ್ತ್ರವು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ಆಹಾರವು ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ. ಔಷಧವು ಒಂದು ರೋಗವನ್ನು ನೀಗುತ್ತದೆ. ಶಾಸ್ತ್ರದಾನವಾದರೋ ಪಡೆದವನಿಂದ ಮತ್ತೊಬ್ಬನಿಗೆ ದಾಟುತ್ತಾ ಹೋಗುತ್ತದೆ. ಪ್ರೇಮಚಂದರ ದೊಡ್ಡ ದಾನಗಳಲ್ಲಿ ಬಹುಪಾಲು ಈ ಬಗೆಯವು. ಪಡೆಯುವವರ ಜಾತಿಮತಗಳನ್ನು ಅವು ಕೇಳಲಿಲ್ಲ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಮುಂಬೈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಇತ್ತು. ಹಾಗಾಗಿ ಕನ್ನಡನಾಡಿನ ಹಲವು ಪದವೀಧರರೂ ಅವರ ದಾನದಿಂದ ಬೆಳೆದ ವಿದ್ಯಾಕೇಂದ್ರದ ಮಕ್ಕಳೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಪ್ರಶಂಸೆಯಾದೀತು, ಸ್ವಾಧ್ಯಾಯವಾಗಲಾರದು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಗಡ ಒಪ್ಪಂದಗಳ ಲೆಕ್ಕ ತೀರಬೇಕಾಗಿದ್ದ ಜುಲೈ 1ರ ಹೊತ್ತಿಗೆ ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ನಿನ್ನೆಯವರೆಗೆ ಸಂಪತ್ತೆನಿಸಿದ್ದ ಷೇರುಗಳು ಬರಿಯ ಕಾಗದವಾದವು. ಶ್ರೀಮಂತರೊಂದಿಗೆ, ಉಳಿತಾಯದ ಪುಡಿಗಾಸನ್ನು ತೊಡಗಿಸಿದ್ದ ಸಾಮಾನ್ಯರೂ ಮುಳುಗಿದರು. ಷೇರುಗಳನ್ನೇ ಅಡವಾಗಿಟ್ಟುಕೊಂಡು ಧಾರಾಳವಾಗಿ ಸಾಲ ಕೊಟ್ಟಿದ್ದ ಬಾಂಬೆ ಬ್ಯಾಂಕ್ ಮುಚ್ಚಿಹೋಯಿತು. ಸರ್ಕಾರ ನೇಮಿಸಿದ ವಿಚಾರಣಾ ಆಯೋಗದ ಮುಂದೆ, ಆ ಬ್ಯಾಂಕಿನ ಮೇಲೆ ಪ್ರೇಮಚಂದರಿಗಿದ್ದ ಪ್ರಭಾವದ ಮಾತು ಮತ್ತೆ ಮತ್ತೆ ಬಂತು. ಅವರ ಸ್ವಂತ ಸಂಪತ್ತೂ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಮಹಾದಾನಿಯ ಬದುಕಿನ ಈ ಪುಟವನ್ನು ಮುಚ್ಚಿಡಬೇಕೇ? ಮುಚ್ಚಿಟ್ಟರೆ ಸತ್ಯಾಣುವ್ರತಕ್ಕೆ ಲೋಪ. ಅದೊಂದನ್ನೇ ಹಿಡಿದು ಅವರನ್ನು ಅಳೆದರೆ ಅನೇಕಾಂತಕ್ಕೆ ಲೋಪ. ಒಂದೇ ವಸ್ತುವನ್ನು ಹಲವು ಮಗ್ಗುಲುಗಳಿಂದ ನೋಡಬೇಕೆಂದು ಕಲಿಸಿದ ಧರ್ಮಕ್ಕೆ, ಮನುಷ್ಯನನ್ನು ಹಾಗೆ ನೋಡುವುದು ಕಷ್ಟವಾಗಬಾರದು.

ಆಚಾರ್ಯ ಹೇಮಚಂದ್ರರು ತಮ್ಮ ಯೋಗಶಾಸ್ತ್ರದಲ್ಲಿ ಗೃಹಸ್ಥನಿಗಿರಬೇಕಾದ ಗುಣಗಳನ್ನು ಹೇಳುವಾಗ, ನ್ಯಾಯದಿಂದ ಗಳಿಸಿದ ಸಂಪತ್ತನ್ನೇ ಮೊದಲು ಇಟ್ಟಿದ್ದಾರೆ. ಅಂದರೆ ದಾನದ ಪ್ರಶ್ನೆ ಕೊಡುವ ಕೈಯಲ್ಲಿ ಆರಂಭವಾಗುವುದಿಲ್ಲ, ಗಳಿಸುವ ಕೈಯಲ್ಲಿ ಆರಂಭವಾಗುತ್ತದೆ. ದಾನವು ಗಳಿಕೆಯ ದೋಷವನ್ನು ತೊಳೆಯುವ ನೀರಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಣ ಮೋಹವೆಂದು ನಿರೂಪಿಸಿದರು. ಅಂದಿನ ಮುಂಬೈಯನ್ನು ಕೆಡಿಸಿದ್ದು ಹತ್ತಿಯೂ ಅಲ್ಲ, ಹಣವೂ ಅಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಮರೆಸಿದ ಆ ಮೋಹ. ಆಸೆ ಬೆಳೆಯುವ ಮುನ್ನವೇ ಇಷ್ಟು ಸಾಕು ಎಂದು ಗೆರೆ ಎಳೆದುಕೊಳ್ಳಲು ಹೇಳುವುದೇ ಪರಿಗ್ರಹ ಪರಿಮಾಣ ವ್ರತ. ಲಾಭ ಏರುತ್ತಿರುವಾಗ ಗೆರೆ ಎಳೆಯುವವರು ವಿರಳ. ಆದುದರಿಂದಲೇ ವ್ರತವನ್ನು ಮೊದಲೇ ಸ್ವೀಕರಿಸಬೇಕೆಂದು ಹಿರಿಯರು ವಿಧಿಸಿದರು.

ಕುಸಿತದ ನಂತರದ ಪ್ರೇಮಚಂದರ ನಡೆಯೂ ಗಮನಾರ್ಹ. ಸೋತ ಊರನ್ನು ಬಿಟ್ಟು ಅವರು ಓಡಿಹೋಗಲಿಲ್ಲ. ಅದೇ ಪೇಟೆಯಲ್ಲಿ, ತಮ್ಮ ಏಳುಬೀಳುಗಳೆರಡನ್ನೂ ಕಂಡ ಜನರ ನಡುವೆಯೇ ಮತ್ತೆ ಉದ್ಯೋಗ ನಡೆಸಿದರು. 1875ರಲ್ಲಿ ಮುಂಬೈಯ ಷೇರು ದಲ್ಲಾಳಿಗಳು ಸಂಘವಾಗಿ ಕಟ್ಟಿಕೊಂಡಾಗ ಸ್ಥಾಪಕರ ಸಾಲಿನಲ್ಲಿ ಅವರೂ ಇದ್ದರು. 1906ರಲ್ಲಿ ತೀರಿಕೊಳ್ಳುವವರೆಗೆ, ಕುಸಿತದ ಬಳಿಕ ನಾಲ್ಕು ದಶಕಗಳ ಕಾಲ ಅವರು ಬದುಕಿದರು. ಸಿರಿಯಲ್ಲಿ ಹಿಗ್ಗದಿರುವುದು ಕಷ್ಟ; ಸಿರಿ ಹೋದ ಮೇಲೆ ತಲೆ ಎತ್ತಿ ದುಡಿಯುವುದು ಅದಕ್ಕಿಂತ ಕಷ್ಟ. ಲಾಭಾಲಾಭಗಳಲ್ಲಿ ಸಮಭಾವವೆಂದು ನಾವು ಸಾಮಾಯಿಕದಲ್ಲಿ ಧ್ಯಾನಿಸುವುದು ಇಂಥ ದಿನಗಳಿಗಾಗಿಯೇ.

ಗೋಪುರದ ಶಿಲಾನ್ಯಾಸ ನಡೆದದ್ದು 1869ರಲ್ಲಿ, ಕೆಲಸ ಮುಗಿದದ್ದು 1878ರಲ್ಲಿ ಎಂಬುದನ್ನು ನೆನೆದರೆ ಒಂದು ಸಂಗತಿ ಹೊಳೆಯುತ್ತದೆ. ದಾತನ ಸಂಪತ್ತು ಕರಗಿದ ಬಳಿಕವೇ ಆತನ ದಾನ ಕಲ್ಲಾಗಿ ಎದ್ದುನಿಂತಿತು. ಇಟ್ಟುಕೊಂಡದ್ದೆಲ್ಲ ಹೋಯಿತು, ಕೊಟ್ಟದ್ದು ಉಳಿಯಿತು. 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬೈಯ ಕಟ್ಟಡಗಳ ಸಮೂಹದಲ್ಲಿ ಈ ಗೋಪುರವೂ ಇದೆ.

ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ಜೈನ ವರ್ತಕರು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸಿ ಆರಂಭಿಸುವ ವಾಡಿಕೆಯಿದೆ. ಎಲ್ಲವನ್ನೂ ತೊರೆದವರ ಸ್ಮರಣೆಯ ದಿನವೇ ಗಳಿಕೆಯ ಲೆಕ್ಕ ಆರಂಭವಾಗುವುದರಲ್ಲಿ ಅರ್ಥವಿದೆ. ಅಂಗಡಿಯವನಾಗಲಿ, ಸಂಬಳದವನಾಗಲಿ, ಆ ಪುಸ್ತಕದ ಮೊದಲ ಪುಟದಲ್ಲಿ ಎರಡು ಸಾಲುಗಳನ್ನು ಬರೆದಿಡಬಹುದು: ಈ ವರ್ಷ ನನಗೆ ಎಷ್ಟು ಸಾಕು, ಅದಕ್ಕೆ ಮೀರಿದ್ದು ಯಾರಿಗೆ. ಉಳಿದ ಪುಟಗಳ ಲೆಕ್ಕ ಆ ಎರಡು ಸಾಲುಗಳಿಗೆ ತಲೆಬಾಗಿದರೆ, ಅಗಲಿದ ದಾನಿಗಳಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇಲ್ಲ.