ಮನೆಯಂಗಳದಲ್ಲಿ ಕಿವಿ ಹಣ್ಣಿನ ಬಳ್ಳಿ: ನೆಡುವ ಮುನ್ನ ತಿಳಿದಿರಬೇಕಾದ ಅಂಶಗಳು

ಕಿವಿ ಹಣ್ಣು ಇಂದು ರಾಜ್ಯದ ಸಣ್ಣ ಪಟ್ಟಣಗಳ ಹಣ್ಣಿನ ಅಂಗಡಿಗಳಲ್ಲಿಯೂ ದೊರೆಯುತ್ತಿದ್ದು, ಇದನ್ನು ಮನೆಯಂಗಳದಲ್ಲಿಯೇ ಬೆಳೆಯಬೇಕೆಂಬ ಆಸೆ ಅನೇಕರಿಗೆ ಮೂಡುವುದು ಸಹಜ. ಸಸಿ ಕೊಳ್ಳುವ ಮೊದಲು ಈ ಬಳ್ಳಿಯ ಎರಡು ಗುಣಗಳನ್ನು ಸಾರ್ವಜನಿಕರು ಅರಿತಿರುವುದು ಅವಶ್ಯಕ. ಇದಕ್ಕೆ ದೀರ್ಘಕಾಲದ ಚಳಿ ಬೇಕು. ಮತ್ತು ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಇವೆರಡನ್ನೂ ತಿಳಿಯದೆ ನೆಟ್ಟವರು ಐದಾರು ವರ್ಷ ನೀರು, ಗೊಬ್ಬರಕ್ಕೆ ವೆಚ್ಚ ಮಾಡಿಯೂ ಒಂದು ಕಾಯಿಯನ್ನೂ ಕಾಣದಿರುವ ಸಂಭವವೇ ಹೆಚ್ಚು.

ಹಿನ್ನೆಲೆ: ಈ ಬಳ್ಳಿಯ ತವರು ಚೀನಾ. 1904ರಲ್ಲಿ ಇಸಬೆಲ್ ಫ್ರೇಸರ್ ಎಂಬ ಶಾಲಾ ಮುಖ್ಯೋಪಾಧ್ಯಾಯಿನಿ ಇದರ ಬೀಜಗಳನ್ನು ಚೀನಾದಿಂದ ನ್ಯೂಜಿಲೆಂಡಿಗೆ ತಂದರು. 1910ರಲ್ಲಿ ಅಲ್ಲಿ ಮೊದಲ ಫಸಲು ಬಂದಿತು. ಮೊದಲಿಗೆ ಚೈನೀಸ್ ಗೂಸ್‌ಬೆರಿ ಎನಿಸಿಕೊಂಡಿದ್ದ ಹಣ್ಣಿಗೆ ರಫ್ತಿನ ಅನುಕೂಲಕ್ಕಾಗಿ 1959ರಲ್ಲಿ ಆ ದೇಶದ ಕಿವಿ ಪಕ್ಷಿಯ ಹೆಸರನ್ನು ಇಡಲಾಯಿತು. ಕನ್ನಡದ ಕಿವಿಗೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ.

ಭಾರತದಲ್ಲಿ ಈ ಬಳ್ಳಿಯನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟದಲ್ಲಿ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಅಲ್ಲಿ ಅದು ಅಲಂಕಾರದ ಗಿಡವಾಗಿ ಉಳಿಯಿತೇ ವಿನಾ ಸಾಕಷ್ಟು ಚಳಿ ಇಲ್ಲದ ಕಾರಣ ಫಲ ಕೊಡಲಿಲ್ಲ. 1963ರಲ್ಲಿ ಶಿಮ್ಲಾದ ಫಾಗ್ಲಿ ಸಂಶೋಧನಾ ಕೇಂದ್ರದಲ್ಲಿ ನೆಟ್ಟ ಬಳ್ಳಿಗಳು 1969ರಲ್ಲಿ ಕಾಯಿ ಬಿಟ್ಟವು. ಅಲ್ಲಿಂದ ಈ ಬೆಳೆಯು ಹಿಮಾಚಲ ಪ್ರದೇಶದ ಇತರ ಭಾಗಗಳಿಗೂ, ಮುಂದೆ ಅರುಣಾಚಲ ಪ್ರದೇಶ ಮುಂತಾದ ಗುಡ್ಡಗಾಡು ರಾಜ್ಯಗಳಿಗೂ ಹರಡಿತು.

ಹವಾಗುಣ: ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುವ ಈ ಬಳ್ಳಿಯ ಮೊಗ್ಗುಗಳು ಎಚ್ಚರಗೊಳ್ಳಲು 7 ಡಿಗ್ರಿ ಸೆಲ್ಷಿಯಸ್‌ಗಿಂತ ಕಡಿಮೆ ಉಷ್ಣಾಂಶ ಬೇಕು. ಹೇವರ್ಡ್ ತಳಿಗೆ ಇಂತಹ ಚಳಿ ಸುಮಾರು 700ರಿಂದ 800 ಗಂಟೆಗಳಷ್ಟು ದೊರೆಯಬೇಕು. ಅಬ್ಬಾಟ್, ಅಲಿಸನ್, ಬ್ರೂನೋ ತಳಿಗಳಿಗೆ ಇದಕ್ಕಿಂತ ಕಡಿಮೆ ಸಾಕಾದರೂ ಚಳಿಯೇ ಇಲ್ಲದೆ ನಡೆಯದು. ಹಿಮಾಚಲದಲ್ಲಿ ಸಮುದ್ರಮಟ್ಟದಿಂದ 900ರಿಂದ 1800 ಮೀಟರ್ ಎತ್ತರದ ಪ್ರದೇಶ ಇದಕ್ಕೆ ಸೂಕ್ತವೆನಿಸಿದೆ. ಬೆಂಗಳೂರೂ 900 ಮೀಟರಿಗಿಂತ ಎತ್ತರದಲ್ಲಿದೆಯಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಎತ್ತರವೊಂದೇ ಸಾಲದು, ಅಕ್ಷಾಂಶವೂ ಮುಖ್ಯ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಆದ್ದರಿಂದ ಇಲ್ಲಿ ಬಳ್ಳಿ ಎಲೆ ಬಿಟ್ಟು ಹಬ್ಬಿದರೂ ಫಸಲನ್ನು ನಿರೀಕ್ಷಿಸುವಂತಿಲ್ಲ. ರಾಜ್ಯದಲ್ಲಿ ಚಪ್ಪರದ ಹಣ್ಣಿನ ಬಳ್ಳಿಯೇ ಬೇಕೆನ್ನುವವರಿಗೆ ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ಅಭಿವೃದ್ಧಿಪಡಿಸಲಾದ ಕಾವೇರಿ ತಳಿಯ ಪ್ಯಾಶನ್ ಹಣ್ಣು ಉತ್ತಮ ಆಯ್ಕೆ. ಚಳಿ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಮುಂದಿನ ಕ್ರಮಗಳನ್ನು ಅನುಸರಿಸಬಹುದು.

ಗಂಡು ಮತ್ತು ಹೆಣ್ಣು ಬಳ್ಳಿ: ತೋಟಗಳಲ್ಲಿ ಎಂಟು ಅಥವಾ ಒಂಬತ್ತು ಹೆಣ್ಣು ಬಳ್ಳಿಗಳಿಗೆ ಒಂದು ಗಂಡು ಬಳ್ಳಿಯನ್ನು ನೆಡುವುದು ವಾಡಿಕೆ. ಮನೆಯಂಗಳಕ್ಕೆ ಒಂದು ಹೆಣ್ಣು, ಒಂದು ಗಂಡು ಸಾಕು. ಆದರೆ ಎರಡೂ ಒಂದೇ ಸಮಯದಲ್ಲಿ ಹೂ ಬಿಡುವಂತಿರಬೇಕು. ಹೇವರ್ಡ್ ತಡವಾಗಿ ಹೂ ಬಿಡುವುದರಿಂದ ಅದಕ್ಕೆ ಟೊಮುರಿ ಎಂಬ ಗಂಡು ತಳಿಯನ್ನು ಜೊತೆಗೂಡಿಸುತ್ತಾರೆ. ಹೂ ಬಿಡುವವರೆಗೆ ಗಂಡು ಹೆಣ್ಣೆಂಬ ಭೇದ ತಿಳಿಯುವುದಿಲ್ಲ. ಹೆಣ್ಣು ಹೂವಿನ ನಡುವೆ ಬಿಳಿಯ ಶಲಾಕೆಗಳು ನಕ್ಷತ್ರದಂತೆ ಹರಡಿರುತ್ತವೆ. ಅದರ ಸುತ್ತ ಕೇಸರಗಳೂ ಇರುವುದರಿಂದ ಅದು ದ್ವಿಲಿಂಗಿ ಹೂವೆಂದು ಭ್ರಮೆಯಾಗುತ್ತದೆ; ಆ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ತಿಂದ ಹಣ್ಣಿನ ಬೀಜದಿಂದ ಬೆಳೆಸಿದ ಸಸಿಯಲ್ಲಿ ಲಿಂಗವೂ, ಗುಣವೂ ಅನಿಶ್ಚಿತ. ಆದುದರಿಂದ ತಳಿಯ ಹೆಸರು ಮತ್ತು ಲಿಂಗವನ್ನು ನಮೂದಿಸಿರುವ ಕಸಿ ಅಥವಾ ಕಾಂಡದ ತುಂಡಿನ ಗಿಡಗಳನ್ನೇ ಕೊಳ್ಳತಕ್ಕದ್ದು. ಹೂಗಳಲ್ಲಿ ಮಕರಂದವಿಲ್ಲದ ಕಾರಣ ಜೇನುನೊಣಗಳಿಗೆ ಆಸಕ್ತಿ ಕಡಿಮೆ. ಬೆಳಗಿನ ಹೊತ್ತು ಗಂಡು ಹೂವನ್ನು ಕಿತ್ತು ಹೆಣ್ಣು ಹೂಗಳ ಮೇಲೆ ಮೃದುವಾಗಿ ಸವರುವುದು ಮನೆಯವರಿಗೆ ಸುಲಭದ ಉಪಾಯ.

ಆರೈಕೆ: ಫಲ ಹೊತ್ತ ಬಳ್ಳಿಯ ಭಾರ ಬಹಳ. ದ್ರಾಕ್ಷಿಯಂತೆ ಸುಮಾರು 6 ಅಡಿ ಎತ್ತರದ ಗಟ್ಟಿಮುಟ್ಟಾದ ಚಪ್ಪರ ಬೇಕು. ಹಿಂದಿನ ವರ್ಷದ ಕೊಂಬೆಯಿಂದ ಈ ವರ್ಷ ಚಿಗುರುವ ಕುಡಿಗಳಲ್ಲಿ ಮಾತ್ರ ಕಾಯಿ ಬಿಡುವುದರಿಂದ ಪ್ರತಿ ಚಳಿಗಾಲದಲ್ಲಿ ಹಳೆಯ ಕೊಂಬೆಗಳನ್ನು ಸವರಿ ಹೊಸದಕ್ಕೆ ಎಡೆ ಮಾಡಿಕೊಡಬೇಕು. ಈ ಕೆಲಸ ಜನವರಿಯೊಳಗೆ ಮುಗಿಯಬೇಕು. ತಡವಾದರೆ ಕತ್ತರಿಸಿದ ಗಾಯದಿಂದ ರಸ ಸೋರುತ್ತದೆ. ಗಂಡು ಬಳ್ಳಿಯನ್ನು ಹೂ ಮುಗಿದೊಡನೆ ಸವರಬಹುದು. ಅಗಲವಾದ ಎಲೆಗಳು ಬೇಸಿಗೆಯಲ್ಲಿ ಹೆಚ್ಚು ನೀರು ಬೇಡುತ್ತವೆ, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಎಳೆಯ ಬಳ್ಳಿಯ ವಾಸನೆಗೆ ಬೆಕ್ಕುಗಳು ಆಕರ್ಷಿತವಾಗಿ ಅದರ ಮೇಲೆ ಹೊರಳುವುದುಂಟು. ಬುಡಕ್ಕೆ ತಂತಿಯ ಬಲೆ ಕಟ್ಟುವುದು ಒಳಿತು.

ಕೊಯ್ಲು: ಒಳ್ಳೆಯ ಆರೈಕೆಯಲ್ಲಿ ಕಸಿ ಗಿಡಗಳು ನಾಲ್ಕೈದು ವರ್ಷಗಳಲ್ಲಿ ಕಾಯಿ ಬಿಡಲಾರಂಭಿಸುತ್ತವೆ. ಹಿಮಾಚಲದಲ್ಲಿ ಅಕ್ಟೋಬರ್, ನವೆಂಬರ್ ಕೊಯ್ಲಿನ ಕಾಲ. ಕಾಯಿಗಳನ್ನು ಗಟ್ಟಿಯಿರುವಾಗಲೇ ಕಿತ್ತು, ಬಾಳೆಹಣ್ಣು ಅಥವಾ ಸೇಬಿನೊಡನೆ ಕಾಗದದ ಚೀಲದಲ್ಲಿ ಕೆಲವು ದಿನ ಇಟ್ಟರೆ ಮೆತ್ತಗಾಗುತ್ತವೆ. ಅಂಗಡಿಯಿಂದ ತಂದ ಗಟ್ಟಿ ಹಣ್ಣಿಗೂ ಇದೇ ಕ್ರಮ. ಹಸಿ ಹಣ್ಣನ್ನು ಹಾಲಿಗೆ ಬೆರೆಸಿ ಇಡಬಾರದು. ಅದರಲ್ಲಿರುವ ಕಿಣ್ವದಿಂದ ಹಾಲು ಸ್ವಲ್ಪ ಹೊತ್ತಿನಲ್ಲಿಯೇ ಕಹಿಯಾಗುತ್ತದೆ.