ಬಾಣದ ಕೊಳವೆ ಅಳೆದ ಇತಿಹಾಸಕಾರ

1985ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ವಿಜ್ಞಾನದ ಇತಿಹಾಸಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ಉದ್ಘಾಟನಾ ಉಪನ್ಯಾಸ ಕೊಟ್ಟವರು ಆಗ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ. ಅವರು ಆರಿಸಿಕೊಂಡದ್ದು ವಿಮಾನದ ವಿಷಯವನ್ನಲ್ಲ, ಹೈದರ್ ಮತ್ತು ಟಿಪ್ಪುವಿನ ಬಾಣಗಳನ್ನು, ಅಂದರೆ ರಾಕೆಟ್‌ಗಳನ್ನು.

ಓದು ಮನೆಯಲ್ಲೇ ಇತ್ತು. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಕನ್ನಡದಲ್ಲಿ ವಿಜ್ಞಾನ ಬರೆಯುತ್ತಿದ್ದವರು. 1933ರಲ್ಲಿ ಹುಟ್ಟಿದ ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ಅಂಗಳದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ವಿಮಾನ ಕಂಡು ಮನಸೋತರು. ಮುಂದೆ ಅಲ್ಲೇ ಓದಲು ಸೇರಿದಾಗ ಸತೀಶ್ ಧವನ್ ಗುರುಗಳಾದರು. 1961ರಲ್ಲಿ ಕ್ಯಾಲ್‌ಟೆಕ್‌ನಿಂದ ಪಿಎಚ್‌.ಡಿ. ಬಂತು.

ಎಂಜಿನಿಯರ್ ಇತಿಹಾಸ ಓದಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಯುದ್ಧ ಗೆದ್ದವರು ಯಾರು ಎನ್ನುವುದಕ್ಕಿಂತ ಬಾಣದ ಕೊಳವೆ ಯಾವುದರದ್ದು, ಎಷ್ಟು ದಪ್ಪ, ಎಷ್ಟು ಒತ್ತಡ ತಾಳುತ್ತಿತ್ತು ಎಂದು ಅವರು ಕೇಳಿದರು. ಯುರೋಪಿನ ಬಾಣಗಳಿಗೆ ಕಾಗದದ ಕೊಳವೆ, ಮೈಸೂರಿನದಕ್ಕೆ ಕಬ್ಬಿಣದ್ದು. ಸುಮಾರು ಗೇಣುದ್ದ, ಎರಡು ಅಂಗುಲಕ್ಕಿಂತ ತುಸು ಹೆಚ್ಚು ದಪ್ಪ. ಒಳಗೆ ಗಟ್ಟಿಯಾಗಿ ಜಡಿದ ಮದ್ದು, ಹೊರಗೆ ಚರ್ಮದ ಪಟ್ಟಿಯಿಂದ ಬಿಗಿದ ಬಿದಿರಿನ ಕೋಲು. ಕಬ್ಬಿಣ ಒತ್ತಡ ತಾಳಿದ್ದರಿಂದ ಬಾಣ ಒಂದು ಕಿಲೋಮೀಟರಿಗೂ ಆಚೆ ಹಾರುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದು ಇಂಥ ಬಾಣದಿಂದಲೇ ಎನ್ನುತ್ತಾರೆ.

ಶ್ರೀರಂಗಪಟ್ಟಣ 1799ರಲ್ಲಿ ಬಿತ್ತು. ಬಾಣಗಳು ಲಂಡನ್ನಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಬ್ರಿಟಿಷ್ ಸಂಶೋಧಕ ವಿಲಿಯಂ ಕಾಂಗ್ರೀವ್ ಅಲ್ಲಿ ಪ್ರಯೋಗ ಮಾಡಿ, ಲೆಕ್ಕ ಹಾಕಿ, ನಕ್ಷೆ ಬರೆದು ಬೆಳೆಸಿದ ರಾಕೆಟ್‌ಗಳು 1807ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಬೆಂಕಿಯಿಟ್ಟವು. ನರಸಿಂಹ ಬೆರಳಿಟ್ಟದ್ದು ಇಲ್ಲಿಗೇ. ನಮ್ಮ ಕುಶಲಕರ್ಮಿಯ ಕೈ ಯಾರಿಗೂ ಕಡಿಮೆಯಿರಲಿಲ್ಲ, ಆದರೆ ಆ ಕೈಗೆ ಗಣಿತ ಜೊತೆಯಾಗಲಿಲ್ಲ. ಟಿಪ್ಪುವನ್ನು ಹೊಗಳುವವರಿಗೂ ತೆಗಳುವವರಿಗೂ ಈ ಮಾತು ಪೂರ್ತಿ ಹಿಡಿಸಲಿಕ್ಕಿಲ್ಲ. ನನಗೆ ಅದರ ಪ್ರಾಮಾಣಿಕತೆಯೇ ದೊಡ್ಡದಾಗಿ ಕಾಣುತ್ತದೆ.

ಆ ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಆರ್ಯಭಟನಿಂದ ಕೇರಳದ ನೀಲಕಂಠ ಸೋಮಯಾಜಿಯವರೆಗೆ ಓದಿ, ಲೆಕ್ಕವನ್ನು ಆಕಾಶದ ವೀಕ್ಷಣೆಯೊಂದಿಗೆ ತಾಳೆ ನೋಡುತ್ತಿದ್ದ ಭಾರತೀಯ ಕ್ರಮದ ಬಗ್ಗೆ ಬರೆದರು. 2013ರಲ್ಲಿ ಪದ್ಮವಿಭೂಷಣ ಸಂದಿತು. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅದಕ್ಕೆ ಎರಡು ವರ್ಷ ಮೊದಲು, 2018ರಲ್ಲಿ, ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥವೇ ಸಾವಿರದಷ್ಟು ಬಾಣದ ಕೊಳವೆಗಳು ಸಿಕ್ಕವು. ಬೆಂಗಳೂರಿನ ಶಾಲೆಗಳು ಪ್ರವಾಸಕ್ಕೆ ಶಿವಮೊಗ್ಗದ ಕಡೆ ಹೊರಟರೆ ಜೋಗಕ್ಕೆ ಹೋಗುವ ಮುನ್ನ ಮಕ್ಕಳನ್ನು ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಅವನ್ನು ತೋರಿಸಲಿ. ನರಸಿಂಹ ಕೇಳಿದ ಪ್ರಶ್ನೆಗಳನ್ನು ಅವರೂ ಕೇಳಲಿ.