ಉರಿಯೂತ ಸಂಶೋಧನೆಯಲ್ಲಿ ಬೇ 11-7082: ಪ್ರತಿಬಂಧಕವೊಂದರ ವ್ಯಾಪ್ತಿ ಮತ್ತು ಮಿತಿ

ಗಾಯ ಅಥವಾ ಸೋಂಕಿಗೆ ದೇಹವು ತೋರುವ ರಕ್ಷಣಾತ್ಮಕ ಪ್ರತಿಕ್ರಿಯೆಯೇ ಉರಿಯೂತ. ಅದು ಮಿತಿಮೀರಿದಾಗ ಸಂಧಿವಾತದಂತಹ ದೀರ್ಘಕಾಲಿಕ ವ್ಯಾಧಿಗಳಿಗೆ ಎಡೆಮಾಡಿಕೊಡುತ್ತದೆ. ಜೀವಕೋಶದೊಳಗೆ ಈ ಪ್ರತಿಕ್ರಿಯೆಗೆ ಚಾಲನೆ ನೀಡುವ ಪ್ರೋಟೀನುಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಪ್ರಮುಖವಾದುದು. ಇದನ್ನು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು 1986ರಲ್ಲಿ ಗುರುತಿಸಿದರು.

ಸಾಮಾನ್ಯ ಸ್ಥಿತಿಯಲ್ಲಿ ಎನ್‌ಎಫ್-ಕಪ್ಪಾ-ಬಿಯು ಐ-ಕಪ್ಪಾ-ಬಿ-ಆಲ್ಫಾ ಎಂಬ ಮತ್ತೊಂದು ಪ್ರೋಟೀನಿಗೆ ಬಂಧಿತವಾಗಿ ಕೋಶದ್ರವ್ಯದಲ್ಲಿ ನಿಷ್ಕ್ರಿಯವಾಗಿರುತ್ತದೆ. ಉರಿಯೂತದ ಸಂಕೇತ ತಲುಪಿದಾಗ ಐಕೆಕೆ ಎಂಬ ಕಿಣ್ವವು ಈ ಬಂಧಕ ಪ್ರೋಟೀನಿಗೆ ಫಾಸ್ಫೇಟ್ ಗುಂಪುಗಳನ್ನು ಜೋಡಿಸುತ್ತದೆ. ಬಂಧಕ ಪ್ರೋಟೀನು ನಾಶಗೊಂಡು, ಬಿಡುಗಡೆ ಹೊಂದಿದ ಎನ್‌ಎಫ್-ಕಪ್ಪಾ-ಬಿಯು ಕೋಶಕೇಂದ್ರವನ್ನು ಪ್ರವೇಶಿಸಿ ಉರಿಯೂತಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಪ್ರಚೋದಿಸುತ್ತದೆ.

ಈ ಸರಣಿಯನ್ನು ತಡೆಯಬಲ್ಲ ಸಂಯುಕ್ತವಾಗಿ ಬೇ 11-7082 ಅನ್ನು 1997ರಲ್ಲಿ ವರದಿ ಮಾಡಲಾಯಿತು. ರಕ್ತನಾಳದ ಒಳಪೊರೆಯ ಕೋಶಗಳಲ್ಲಿ ಇದು ಸುಮಾರು 10 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಐ-ಕಪ್ಪಾ-ಬಿ-ಆಲ್ಫಾಗೆ ಫಾಸ್ಫೇಟ್ ಸೇರುವಿಕೆಯನ್ನು ಅರ್ಧದಷ್ಟು ತಗ್ಗಿಸಿತು.  ತರುವಾಯ ಇದು 'ಐಕೆಕೆ ಪ್ರತಿಬಂಧಕ' ಎಂಬ ಹೆಸರಿನಲ್ಲಿ ಪ್ರಯೋಗಾಲಯಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಆದರೆ ಇದೇ ಸಂಯುಕ್ತವು ಪಿ38 ಮತ್ತು ಜೆಎನ್‌ಕೆ ಎಂಬ ಇತರ ಕಿಣ್ವಗಳನ್ನು ಪ್ರಚೋದಿಸುತ್ತದೆಂಬ ಅಂಶವೂ ಆ ಮೊದಲ ವರದಿಯಲ್ಲಿಯೇ ಇದ್ದುದು ಗಮನಾರ್ಹ.

ಮುಂದಿನ ಅಧ್ಯಯನಗಳು ಈ ಹೆಸರಿನ ಔಚಿತ್ಯವನ್ನೇ ಪ್ರಶ್ನಿಸಿದವು. ಎನ್‌ಎಲ್‌ಆರ್‌ಪಿ3 ಎಂಬ ಬೇರೊಂದು ಉರಿಯೂತ ವ್ಯವಸ್ಥೆಯನ್ನು ಇದು ಎನ್‌ಎಫ್-ಕಪ್ಪಾ-ಬಿಯ ಹಂಗಿಲ್ಲದೆಯೇ ತಡೆಯುತ್ತದೆಂದು 2010ರಲ್ಲಿ ತೋರಿಸಲಾಯಿತು. 2013ರಲ್ಲಿ ಡಂಡೀ ವಿಶ್ವವಿದ್ಯಾನಿಲಯದ ಫಿಲಿಪ್ ಕೋಹೆನ್ ಮತ್ತು ಸಂಗಡಿಗರು ಇದು ಐಕೆಕೆಯನ್ನು ನೇರವಾಗಿ ಪ್ರತಿಬಂಧಿಸುವುದಿಲ್ಲವೆಂದು ಸ್ಥಾಪಿಸಿದರು. ಐಕೆಕೆ ಸಕ್ರಿಯವಾಗಲು ಯುಬಿಕ್ವಿಟಿನ್ ಎಂಬ ಕಿರುಪ್ರೋಟೀನಿನ ಸರಪಳಿಗಳು ಅಗತ್ಯ. ಆ ಸರಪಳಿಗಳನ್ನು ಹೆಣೆಯುವ ಕಿಣ್ವಗಳ ಸಿಸ್ಟೀನ್ ಘಟಕಗಳಿಗೆ ಈ ಸಂಯುಕ್ತವು ಸಹವೇಲೆನ್ಸೀಯ ಬಂಧದಿಂದ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಅದೇ ವರ್ಷ ಟೈರೋಸಿನ್ ಫಾಸ್ಫಟೇಸ್ ಕಿಣ್ವಗಳನ್ನೂ ಇದು ತಡೆಯುತ್ತದೆಂಬುದು ತಿಳಿದುಬಂದಿತು. ಇವುಗಳ ಕ್ರಿಯಾಕೇಂದ್ರದಲ್ಲಿಯೂ ಸಿಸ್ಟೀನ್ ಇರುವುದರಿಂದ ಇದು ಅನಿರೀಕ್ಷಿತವೇನಲ್ಲ.

ಇದರ ಪರಿಣಾಮ ಪರಿಭಾಷೆಗಷ್ಟೇ ಸೀಮಿತವಾದುದಲ್ಲ. ಬೇ 11-7082 ಬಳಸಿದಾಗ ಕೋಶವೊಂದರ ಪ್ರತಿಕ್ರಿಯೆ ನಿಂತಿತೆಂಬ ಒಂದೇ ಆಧಾರದಿಂದ ಆ ಪ್ರತಿಕ್ರಿಯೆಗೆ ಐಕೆಕೆಯೇ ಕಾರಣವೆಂದು ನಿರ್ಣಯಿಸಲಾಗದು. ಅಂತಹ ನಿರ್ಣಯವನ್ನು ನೆಚ್ಚಿ ಔಷಧ ಶೋಧಕ್ಕೆ ತೊಡಗಿದರೆ ಗುರಿಯೇ ತಪ್ಪುವ ಸಂಭವವುಂಟು. ಆದ್ದರಿಂದ ರಚನೆಯಲ್ಲಿ ಭಿನ್ನವಾದ ಮತ್ತೊಂದು ಪ್ರತಿಬಂಧಕದಿಂದ ಫಲಿತಾಂಶವನ್ನು ತಾಳೆ ನೋಡುವುದು, ಸಂಬಂಧಿತ ವಂಶವಾಹಿಯನ್ನು ತೆಗೆದುಹಾಕಿದ ಕೋಶಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸುವುದು, ಕೋಶಮರಣವನ್ನು ಪ್ರತ್ಯೇಕವಾಗಿ ಅಳೆಯುವುದು ಅವಶ್ಯಕ. ಹಳೆಯ ಪ್ರಬಂಧಗಳನ್ನು ಅವಲಂಬಿಸುವ ಸಂಶೋಧಕರು, ಅವುಗಳಲ್ಲಿ ದಾಖಲಾದ ಅವಲೋಕನಗಳನ್ನು ಸ್ವೀಕರಿಸುವಾಗಲೂ, ಅವುಗಳಿಂದ ಪಡೆದ ತೀರ್ಮಾನಗಳನ್ನು ಈ ಬೆಳಕಿನಲ್ಲಿ ಮರುಪರಿಶೀಲಿಸಬೇಕಾಗುತ್ತದೆ.